ಒಲೆ ಎರಡಾದ ಮೇಲಿನ ಲೆಕ್ಕ

ಊರು ಬಿಡುವ ಮಾತು ಬಂದರೆ ನಮ್ಮ ಕಡೆ ಮೊದಲು ಕೇಳುವುದು, "ಪಗಾರ ಎಷ್ಟ ಕೊಡ್ತಾರ?" ಅಂತ. 2025ರ ಬೇಸಿಗೆಯಲ್ಲಿ ಬೆಂಗಳೂರಿನ ಗೋದಾಮು ಕಂಪನಿಯೊಂದರಿಂದ ನನಗೆ ಕರೆ ಬಂದಾಗಲೂ ಎಲ್ಲರೂ ಅದನ್ನೇ ಕೇಳಿದರು. ಆಗ ನಾನು ಆಳಂದದ ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಕೀರ್ದಿ-ಖಾತೆ ಬರೆಯುತ್ತಿದ್ದೆ, ತಿಂಗಳಿಗೆ 26 ಸಾವಿರ. ಬೆಂಗಳೂರಿನವರು ಪಿಎಫ್ ಕಳೆದು ಕೈಗೆ 41 ಸಾವಿರ ಎಂದರು. ಹೋಗದಿದ್ದರೆ ಹುಚ್ಚ ಎಂದು ಗೆಳೆಯರು ಚಹಾದಂಗಡಿಯಲ್ಲೇ ತೀರ್ಪು ಕೊಟ್ಟುಬಿಟ್ಟರು.

ಅವ್ವ ಮಾತ್ರ ಬೇರೆ ತುದಿಯಿಂದ ಹಿಡಿದಳು. "ಹೋಗ್ರಿ ಯಪ್ಪಾ, ನಾವೇನ್ ಬ್ಯಾಡ ಅನ್ನಂಗಿಲ್ಲ. ಆದ್ರ ನಾವಂತೂ ಇಲ್ಲಿಂದ ಏಳಂಗಿಲ್ಲ. ಒಲಿ ಎರಡ ಆಗ್ತಾವ, ಅದನ್ನ ಬರ್ಕೊ."

ಅಪ್ಪ-ಅವ್ವ ಇರುವುದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ, ಆರು ಎಕರೆ ಹೊಲದ ಜೊತೆ. ಹೆಂಡತಿಯ ತವರು ಜೇವರ್ಗಿ. ಅತ್ತೆ ಅಲ್ಲಿ ಒಬ್ಬರೇ. ಆಳಂದದಲ್ಲಿ ನಮ್ಮದೊಂದು ಹಳೆಯ ಸ್ವಂತ ಮನೆ, ಒಂಬತ್ತನೇ ತರಗತಿಗೆ ಕಾಲಿಡಲಿದ್ದ ಮಗಳು, ಐದನೆಯ ತರಗತಿಗೆ ಬರಲಿದ್ದ ಮಗ. ಮೂರು ತಾಲ್ಲೂಕಿನಲ್ಲಿ ಹರಡಿಕೊಂಡ ಇಂಥ ಸಂಸಾರವನ್ನು ಎತ್ತಿ ಒಂದೇ ಲಾರಿಗೆ ಹಾಕಲು ಆಗುವುದಿಲ್ಲ. ನಾವು ಹೋದರೂ ಅರ್ಧ ಮನೆತನ ಇಲ್ಲೇ ಉಳಿಯುತ್ತದೆ, ಅದಕ್ಕೂ ತಿಂಗಳ ಖರ್ಚು ನಡೆಯುತ್ತಿರುತ್ತದೆ. ನಮ್ಮ ಭಾಗದಿಂದ ನಗರಕ್ಕೆ ಹೋದ ಬಹುತೇಕ ಮಧ್ಯಮ ವರ್ಗದ ಕುಟುಂಬಗಳ ಸ್ಥಿತಿ ಇದೇ. ಲೆಕ್ಕ ಹಾಕುವಾಗ ಮಾತ್ರ ನಗರದ ಒಲೆಯೊಂದನ್ನೇ ಬರೆಯುತ್ತಾರೆ.

ಹೋಗಬೇಕು ಅನ್ನಿಸಿದ್ದಕ್ಕೆ ಕಾರಣ ಪಗಾರಕ್ಕಿಂತ ಶಾಲೆ. 2025ರ ಮೇ 2ರಂದು ಬಂದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿತ್ತು, ನಮ್ಮ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಆ ಪಟ್ಟಿ ನೋಡಿದ ರಾತ್ರಿ ಹೆಂಡತಿ ಮಾತೇ ಆಡಲಿಲ್ಲ. ಅವಳು ಕಡಗಂಚಿ ದಾರಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮಕ್ಕಳು ಎಲ್ಲಿ ಹಿಂದೆ ಬೀಳುತ್ತಾರೆ ಎಂಬುದನ್ನು ನನಗಿಂತ ಹತ್ತಿರದಿಂದ ಕಂಡವಳು.

ಹೀಗಾಗಿ ಮೂರು ಊರಿನ ಲೆಕ್ಕ ಬರೆದೆವು: ಆಳಂದದಲ್ಲೇ ಉಳಿದರೆ, ಬೆಂಗಳೂರಿಗೆ ಹೋದರೆ, ಕಲಬುರಗಿಗೆ ಹೋದರೆ. ಕಲಬುರಗಿಯನ್ನು ಸೇರಿಸಿದವಳು ಅವಳೇ.

ಆಳಂದದ ಪುಟ ಸುಲಭ. ನನ್ನ 26 ಸಾವಿರ. ಅತಿಥಿ ಶಿಕ್ಷಕರ ಗೌರವಧನ 12 ಸಾವಿರ, ಆದರೆ ಅದು ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ವರ್ಷಕ್ಕೆ ಹತ್ತು ತಿಂಗಳು ಎಂದು ಹಿಡಿದು ಹನ್ನೆರಡಕ್ಕೆ ಹಂಚಿದರೆ 10 ಸಾವಿರ. ಒಟ್ಟು 36. ಬಾಡಿಗೆ ಇಲ್ಲ, ಜೋಳ, ತೊಗರಿಬೇಳೆ ಊರಿಂದ ಬರುತ್ತವೆ. ಅಪ್ಪ-ಅವ್ವನ ಔಷಧಿ ಸೇರಿ ಖರ್ಚು ಇಪ್ಪತ್ತೂವರೆ ಸಾವಿರ. ಉಳಿಯುವುದು ಹದಿನೈದೂವರೆ.

ಬೆಂಗಳೂರಿನ ಪುಟದಲ್ಲಿ ನನ್ನ 41ರ ಜೊತೆ, ಹೆಂಡತಿಗೆ ಖಾಸಗಿ ಶಾಲೆಯಲ್ಲಿ 14 ಸಾವಿರದ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಧಾರಾಳವಾಗಿ ಬರೆದೆ: 55. ದಾಸರಹಳ್ಳಿ ಕಡೆ ನೋಡಿದ ಮನೆಗೆ ನೀರು, ಮೇಂಟೆನೆನ್ಸ್ ಸೇರಿ 17 ಸಾವಿರ. ಇಬ್ಬರ ಶಾಲೆ ಮತ್ತು ವ್ಯಾನು 11. ಕಿರಾಣಿ, ಹಾಲು, ತರಕಾರಿ 12. ಓಡಾಟ 4, ಗ್ಯಾಸು-ಕರೆಂಟು-ಫೋನು 3. ಊರಿನ ಒಲೆಗೆ 5, ಏಕೆಂದರೆ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನಿಲ್ಲದಿದ್ದರೆ ಗಾಡಿಗೂ ಜೊತೆಯವರಿಗೂ ದುಡ್ಡು ಕೊಡಬೇಕು. ಹಬ್ಬ, ಮದುವೆ, ಮಣ್ಣು ಎಂದು ಊರಿಗೆ ಬರುವ ಖರ್ಚನ್ನು ತಿಂಗಳಿಗೆ ಹಂಚಿ 2. ಒಟ್ಟು 54 ಸಾವಿರ.

ಉಳಿತಾಯ ಒಂದು ಸಾವಿರ. ಅದೂ ಹೆಂಡತಿಗೆ ಕೆಲಸ ಸಿಕ್ಕರೆ. ಸಿಗದಿದ್ದರೆ ತಿಂಗಳಿಗೆ 13 ಸಾವಿರದ ಕೊರತೆ.

ಇದರ ಮೇಲೆ ಬೆಂಗಳೂರಿನ ಅಡ್ವಾನ್ಸು. ಮನೆಯವರು ಕೇಳಿದ್ದು ಒಂದೂವರೆ ಲಕ್ಷ. ಅದು ವಾಪಸ್ ಬರುವ ದುಡ್ಡಲ್ಲವೇ ಎಂದು ಜನ ಅದನ್ನು ಖರ್ಚಿನಲ್ಲಿ ಬರೆಯುವುದೇ ಇಲ್ಲ. ಶೇ 7ರ ಠೇವಣಿಯಲ್ಲಿಟ್ಟರೆ ಅದೇ ದುಡ್ಡು ವರ್ಷಕ್ಕೆ ಹತ್ತೂವರೆ ಸಾವಿರ ತರುತ್ತದೆ. ಅಡ್ವಾನ್ಸಿಗೆ ಯಾರೂ ಬಡ್ಡಿ ಕೊಡುವುದಿಲ್ಲ. ಮನೆ ಬಿಡುವಾಗ ಬಣ್ಣ ಬಳಿಸಲೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಅಲ್ಲಿನ ವಾಡಿಕೆ. ಎಚ್‌ಆರ್‌ಎ ತೋರಿಸಿ ತೆರಿಗೆ ಉಳಿಸಬಹುದಲ್ಲ ಎಂದು ಗೆಳೆಯನೊಬ್ಬ ಹೇಳಿದ. ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲ. 2025-26ರಿಂದ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೂ ಬೀಳುವುದಿಲ್ಲ. ನನ್ನಂಥವನ ಲೆಕ್ಕದಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

ಕಾಗದದ ಮೇಲೆ ಬರೆಯಲಾಗದ ಒಂದು ಬಾಬತ್ತು ಇನ್ನೂ ಇತ್ತು. ನನ್ನ ಪ್ರಕಾರ ಅದೇ ದೊಡ್ಡದು.

ಆಳಂದದಲ್ಲಿ ನಮಗೆ ಆಪತ್ತಿನ ನಿಧಿ ಎಂದು ಬ್ಯಾಂಕಿನಲ್ಲಿ ಹೆಚ್ಚೇನೂ ಇರಲಿಲ್ಲ, ಬೇಕೂ ಆಗಿರಲಿಲ್ಲ. ಅಂಗಡಿಯ ಸಾವಕಾರರಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಣ್ಣಾರ, ದವಾಖಾನಿಗೆ ಇಪ್ಪತ್ತ ಸಾವಿರ ಬೇಕಾಗ್ಯಾವ" ಎಂದರೆ ಬೆಳಗಾಗುವುದರೊಳಗೆ ಸಿಗುತ್ತಿತ್ತು, ಬಡ್ಡಿಯ ಮಾತಿಲ್ಲದೆ, ಪಗಾರದಲ್ಲಿ ಮುರಿದುಕೊಳ್ಳುವ ಕರಾರಿನಲ್ಲಿ. ಹೆಂಡತಿಗೆ ಮಹಿಳಾ ಸಂಘವಿತ್ತು. ಕಿರಾಣಿ ಅಂಗಡಿಯಲ್ಲಿ ಉದ್ರಿ ನಡೆಯುತ್ತಿತ್ತು. ಮಕ್ಕಳನ್ನು ಪಕ್ಕದ ಮನೆಯ ಕಾಕಿಯ ಹತ್ತಿರ ಬಿಟ್ಟು ಹೋದರೆ ಕೂಲಿ ಕೇಳುವವರಿರಲಿಲ್ಲ. ಬೇರೆ ಊರಿಗೆ ಹೋದ ದಿನ ಇಷ್ಟೂ ಬಂದ್. ಅಲ್ಲಿ ಆಪತ್ತು ಬಂದರೆ ಇರುವುದು ಕ್ರೆಡಿಟ್ ಕಾರ್ಡು, ಇಲ್ಲವೆ ಮೊಬೈಲಿನ ಸಾಲದ ಆ್ಯಪು. ಆದ್ದರಿಂದ ಹೊಸ ಊರಿಗೆ ಹೋಗುವವನು ಆರು ತಿಂಗಳ ಖರ್ಚನ್ನು ಮೊದಲು ಕೈಯಲ್ಲಿ ಇಟ್ಟುಕೊಂಡಿರಬೇಕು. ಬೆಂಗಳೂರಿನ ಮಟ್ಟದಲ್ಲಿ ಅದು ಮೂರು ಲಕ್ಷ ದಾಟುತ್ತಿತ್ತು. ಅಡ್ವಾನ್ಸು, ಸಾಮಾನಿನ ಲಾರಿ, ಶಾಲೆಯ ಸೇರ್ಪಡೆ ಸೇರಿದರೆ ಐದು ಲಕ್ಷದ ಹತ್ತಿರ. ಅಷ್ಟು ದುಡ್ಡು ಎಲ್ಲಿಂದ? "ಎರಡ ಎಕರೆ ಮಾರಿಬಿಡು" ಎಂದವರೂ ಇದ್ದರು.

ಹೊಲದ ಆದಾಯವನ್ನು ನಾನು ಮೂರೂ ಪುಟದಲ್ಲಿ ಸೊನ್ನೆ ಎಂದೇ ಬರೆದೆ. ತೊಗರಿ ಕಣಜ ಎಂದು ಹೆಸರಾದ ಜಿಲ್ಲೆಯವನು ಹೀಗೆ ಬರೆಯಬೇಕಾದದ್ದು ಬೇಸರದ ಸಂಗತಿ. ಆದರೆ 2022ರಲ್ಲಿ ನೆಟೆ ರೋಗಕ್ಕೆ ನಿಂತ ಬೆಳೆ ಒಣಗಿದ್ದನ್ನು ಕಂಡಿದ್ದೇನೆ. 2024ರ ಆರಂಭದಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ತೊಗರಿ, ಒಂದೇ ವರ್ಷದಲ್ಲಿ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು, ರಾಜ್ಯ ಸರ್ಕಾರ ಮೇಲೆ 450 ಸೇರಿಸಿ 8 ಸಾವಿರಕ್ಕೆ ಖರೀದಿಗೆ ಇಳಿದಾಗ ಆ ದರಗಳನ್ನೆಲ್ಲ ಕೀರ್ದಿಯಲ್ಲಿ ಬರೆದವನೂ ನಾನೇ. ಇಂಥ ಆದಾಯವನ್ನು ನಂಬಿ ತಿಂಗಳು ತಿಂಗಳು ಬಾಡಿಗೆ ಕಟ್ಟಲು ಬರುವುದಿಲ್ಲ. ಹಾಗೆಂದು ಮಾರುವುದೂ ಅಲ್ಲ. ಲಾವಣಿಗೆ ಹಾಕಿ ಹೋಗುವವರು ಒಂದು ವಿಷಯ ತಿಳಿದಿರಲಿ: ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ 1974ರಿಂದ ಕೃಷಿ ಜಮೀನಿನ ಗೇಣಿಯನ್ನು ಕೆಲವೇ ವಿನಾಯಿತಿಗಳ ಹೊರತು ನಿಷೇಧಿಸಿದೆ. ಲಾವಣಿ ನಡೆಯುವುದು ಬಾಯಿಮಾತಿನ ಮೇಲೆ. ಪಹಣಿ, ಬೆಳೆಸಾಲ ಎಲ್ಲ ಮಾಲೀಕನ ಹೆಸರಿನಲ್ಲೇ ಇರುತ್ತವೆ, ತಂಟೆ ಬಂದರೆ ತೋರಿಸಲು ಚೀಟಿ ಇರುವುದಿಲ್ಲ. ದೂರ ಹೋದಷ್ಟೂ ಈ ಬಾಯಿಮಾತು ಸಡಿಲಾಗುತ್ತದೆ. ಅಪ್ಪ ನಂಬಿಕೆಯ ಮನುಷ್ಯನಿಗೆ ಪಾಲಿಗೆ ಹಾಕಿದ್ದಾನೆ, ದಿನಕ್ಕೊಮ್ಮೆ ಬದುವಿನ ಮೇಲೆ ನಡೆದು ಬರುತ್ತಾನೆ. ಅಷ್ಟೇ ನಮ್ಮ ಕರಾರುಪತ್ರ.

ನಾನು ಬರೆಯುತ್ತಿರುವುದು ಆಯ್ಕೆ ಇರುವವರ ಲೆಕ್ಕ. ಕಬ್ಬು ಕಡಿಯಲು ಮುಕಾದಮನಿಂದ ಮುಂಗಡ ಪಡೆದು ಹೊರಡುವವರಿಗೆ, ಮುಂಬೈ-ಪುಣೆಯ ಕಟ್ಟಡ ಕೆಲಸಕ್ಕೆ ಮಕ್ಕಳನ್ನು ಆಯಿಯ ಬಳಿ ಬಿಟ್ಟು ಹೋಗುವ ತಾಂಡಾದವರಿಗೆ ಈ ಮೂರು ಪುಟಗಳು ಅನ್ವಯಿಸುವುದಿಲ್ಲ. ಮುಂಗಡದ ದುಡ್ಡು ಮನೆಗೆ ಬಂದ ದಿನವೇ ಅವರ ನಿರ್ಧಾರ ಮುಗಿದಿರುತ್ತದೆ.

ಕಲಬುರಗಿಯ ಪುಟಕ್ಕೆ ಬರುತ್ತೇನೆ, ಕೊನೆಗೆ ನಾವು ಆರಿಸಿದ್ದು ಅದನ್ನೇ. ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕದ ಕೆಲಸ ಸಿಕ್ಕಿತು, 30 ಸಾವಿರ. ಆಳಂದದ ಮನೆಯನ್ನು ಮೂರೂವರೆ ಸಾವಿರಕ್ಕೆ ಬಾಡಿಗೆಗೆ ಕೊಟ್ಟೆವು. ಹೆಂಡತಿ ಶಾಲೆ ಬಿಡಲಿಲ್ಲ. ಕಡಗಂಚಿ ಆಳಂದಕ್ಕೂ ಕಲಬುರಗಿಗೂ ನಡುವೆ ಇದೆ. ಮೊದಲು ಆ ಕಡೆಯಿಂದ ಹೋಗುತ್ತಿದ್ದವಳು ಈಗ ಈ ಕಡೆಯಿಂದ ಹೋಗುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಈ ಓಡಾಟ ಅವಳಿಗೆ ಉಚಿತ. ಆದರೆ ಆಳಂದ ರಸ್ತೆಯಲ್ಲಿ ಓಡುವ ಎಲ್ಲ ಬಸ್ಸಿನಲ್ಲೂ ಅಲ್ಲ. ಉಮರ್ಗಾ ಕಡೆ ಗಡಿ ದಾಟುವ ಅಂತರರಾಜ್ಯ ಬಸ್ಸಿನಲ್ಲಿ ನಡುವೆ ಇಳಿದರೂ ಟಿಕೆಟ್ ತೆಗೆಸಲೇಬೇಕು. ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುವುದು ಅವಳ ಅಭ್ಯಾಸವಾಗಿದೆ. ಉಚಿತ ಬಸ್ಸನ್ನು ಹಂಗಿಸುವವರು ತಿಂಗಳ ಕೊನೆಯಲ್ಲಿ ನಮ್ಮ ಮನೆಯ ಖಾತೆ ಪುಸ್ತಕ ನೋಡಲಿ.

ಒಟ್ಟು 43,500. ಬಾಡಿಗೆ 9 ಸಾವಿರ, ಶಾಲೆ 7,500, ದಿನಸಿ 8,500, ಓಡಾಟ 2,500, ಇತರೆ 3 ಸಾವಿರ, ಊರಿನ ಒಲೆಗೆ 3 ಸಾವಿರ. ಉಳಿಯುವುದು 10 ಸಾವಿರ. ಅಂದರೆ ಉಳಿತಾಯವೊಂದೇ ಮುಖ್ಯವಾಗಿದ್ದರೆ ಆಳಂದವೇ ಗೆಲ್ಲುತ್ತಿತ್ತು. ತಿಂಗಳಿಗೆ ಐದೂವರೆ, ವರ್ಷಕ್ಕೆ 66 ಸಾವಿರ ಬಿಟ್ಟುಕೊಟ್ಟು ನಾವು ಮಗಳಿಗೆ ಮೇಲಾದ ಹೈಸ್ಕೂಲು, ಮುಂದೆ ಮನೆಯಿಂದಲೇ ಹೋಗಬಹುದಾದ ಪಿಯು ಕಾಲೇಜು ಕೊಂಡಿದ್ದೇವೆ. ದುಬಾರಿ ಅನ್ನಿಸಿಲ್ಲ. ಪಿಯುಗೆ ಹಾಸ್ಟೆಲಿನಲ್ಲಿ ಇಟ್ಟಿದ್ದರೆ ಇದಕ್ಕಿಂತ ಹೆಚ್ಚಾಗುತ್ತಿತ್ತು.

ಎರಡನೇ ಒಲೆಯ ದೃಷ್ಟಿಯಿಂದ ಕಲಬುರಗಿಗೆ ಸರಿಸಾಟಿ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ದಾರಿಗಳು ಮೂರೂ ಇಲ್ಲಿಗೇ ಬಂದು ಸೇರುತ್ತವೆ. ಹಿಂದೆ ಎದೆನೋವು ಎಂದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದೆವು. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ ಇಲ್ಲೇ ಶುರುವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟು ಭೀಮಾ ಉಕ್ಕಿ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ನಾನು ಮಧ್ಯಾಹ್ನದೊಳಗೆ ಊರು ಮುಟ್ಟಿ ಅಪ್ಪ-ಅವ್ವನನ್ನು ಕರೆತಂದೆ. ಬೆಂಗಳೂರಿನಿಂದಾದರೆ ಒಂದು ರಾತ್ರಿಯ ಪ್ರಯಾಣ, ಅದೂ ರೈಲಿನಲ್ಲಿ ಸೀಟು ಸಿಕ್ಕರೆ.

ಸರ್ಕಾರಿ ನೌಕರರಿಗೆ ಒಂದು ಮಾತು. ಆಳಂದ, ಜೇವರ್ಗಿಯಲ್ಲಿ ಹುದ್ದೆ, ಕಲಬುರಗಿಯಲ್ಲಿ ಮನೆ, ನಡುವೆ ದಿನಾ ಅಪ್-ಡೌನ್: ನಮ್ಮ ಜಿಲ್ಲೆಯಲ್ಲಿ ಇದು ಸಾಮಾನ್ಯ ದೃಶ್ಯ. ರಾಜ್ಯದ ಏಳನೇ ವೇತನ ಆಯೋಗದ ನಂತರ ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಗೆ ತಕ್ಕಂತೆ ಶೇ 20, 15, 7.5. ಸಿಗುವುದು ಹುದ್ದೆ ಇರುವ ಊರಿನ ದರ. ಬಾಡಿಗೆ ಕಟ್ಟುವುದು ಕಲಬುರಗಿಯ ದರದಲ್ಲಿ, ಭತ್ಯೆ ಬರುವುದು ಆಳಂದದ ಶೇ 7.5ರಲ್ಲಿ. ಮನೆ ಹಿಡಿಯುವ ಮೊದಲು ಈ ಅಂತರ ಬರೆದುಕೊಳ್ಳಿ.

ಪುಣೆ, ಸೊಲ್ಲಾಪುರ, ಹೈದರಾಬಾದಿಗೆ ಹೋಗುವವರು ಇನ್ನೊಂದು ಸಾಲು ಸೇರಿಸಬೇಕು. ರಾಜ್ಯದ ಗಡಿ ದಾಟಿದ ಮೇಲೆ ಶಕ್ತಿ ಇಲ್ಲ, ಗೃಹಜ್ಯೋತಿಯ ಉಚಿತ ಕರೆಂಟೂ ಇಲ್ಲ. ರಾಜ್ಯದೊಳಗಾದರೆ ಬಾಡಿಗೆ ಮನೆಯಲ್ಲಿದ್ದರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು.

ಬೆಂಗಳೂರಿಗೆ ಯಾರು ಹೋಗಬೇಕು? ಗಂಡ-ಹೆಂಡತಿ ಇಬ್ಬರಿಗೂ ಕೆಲಸದ ಪತ್ರ ಕೈಯಲ್ಲಿದ್ದವರು, ಮಕ್ಕಳಿನ್ನೂ ಸಣ್ಣವರಿದ್ದವರು, ಊರಲ್ಲಿ ಹಿರಿಯರನ್ನು ನೋಡಿಕೊಳ್ಳಲು ಅಣ್ಣನೋ ತಂಗಿಯೋ ಇದ್ದವರು ಧೈರ್ಯವಾಗಿ ಹೋಗಲಿ. ನನ್ನ ಸಹೋದ್ಯೋಗಿಯೊಬ್ಬ ಹಾಗೆ ಹೋಗಿ ಚೆನ್ನಾಗಿದ್ದಾನೆ. ಎರಡು ವರ್ಷ ಕಳೆಯುವವರೆಗೆ ಊರಿನ ಮನೆ, ಹೊಲ ಮಾರಬೇಡಿ ಎಂದಷ್ಟೇ ಅವನಿಗೂ ಹೇಳಿದ್ದೆ.

ಎಲ್ಲಿಗೇ ಹೋಗಿ, ಹೊರಡುವ ಮೊದಲು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿಕೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8, ಇಲ್ಲಿನ ಸಿ ದರ್ಜೆ ಹುದ್ದೆಗಳಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ಮೀಸಲು. ಹುಟ್ಟಿದ ದಾಖಲೆ, ಶಾಲೆಯ ದಾಖಲೆ ಊರಲ್ಲಿದ್ದಾಗ ಒಂದು ದಿನದಲ್ಲಿ ಕೂಡಿಸಬಹುದು. ಹೋದ ಮೇಲೆ ಅದೇ ಕಾಗದಕ್ಕೆ ಕೆಲಸಕ್ಕೆ ರಜೆ ಹಾಕಿ ಬರಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನವರಿಗೆ ಇದಕ್ಕೆ ಸಹಿ ಹಾಕುವವರು ಕಲಬುರಗಿಯ ಸಹಾಯಕ ಆಯುಕ್ತರು.