ಅಂಪೈರ್ ಇಲ್ಲದ ಆಟ

ಮೈಸೂರು

ಚಿರಂಜೀವಿ ಮೈತ್ರಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಗೆಳತಿಯ ಹಕ್ಕಿಪಟ್ಟಿ ಇನ್ನೂರು ದಾಟಿತು, ನನ್ನದು ನೂರರ ಹತ್ತಿರವೇ ಕುಂಟುತ್ತಿದೆ ಎಂದು ಮುಖ ಊದಿಸಿಕೊಂಡಿದ್ದೀಯಂತೆ. ಹವ್ಯಾಸದಲ್ಲೂ ಪೈಪೋಟಿ ಏತಕ್ಕೆ ಎಂದು ನಿನ್ನಮ್ಮ ಗದರಿದಳಂತೆ. ನಾನು ಅಷ್ಟು ಸುಲಭಕ್ಕೆ ಪೈಪೋಟಿಯನ್ನು ಬೈಯಲಾರೆ, ಪುಟ್ಟಿ.

ಅಮೆರಿಕದಲ್ಲಿ ಹಿಂದೆ ಕ್ರಿಸ್‌ಮಸ್ ಬಂತೆಂದರೆ ಜನ ತಂಡ ಕಟ್ಟಿಕೊಂಡು ಕೋವಿ ಹಿಡಿದು ಹೊರಡುತ್ತಿದ್ದರು. ಯಾವ ತಂಡ ಹೆಚ್ಚು ಹಕ್ಕಿ, ಪ್ರಾಣಿಗಳನ್ನು ಹೊಡೆದು ತರುತ್ತದೋ ಅದಕ್ಕೆ ಗೆಲುವು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ಕೊಲ್ಲುವ ಬದಲು ಎಣಿಸೋಣ ಎಂದರು. ಆ ಕ್ರಿಸ್‌ಮಸ್ ದಿನ 27 ಜನ 25 ಕಡೆ ಕೂಡಿ ಎಣಿಸಿದರು. ಆ ಗಣತಿ ಇಂದಿಗೂ ವರ್ಷ ತಪ್ಪದೆ ನಡೆಯುತ್ತಿದೆ. ಜನರ ಹುರುಪು ಹಾಗೇ ಉಳಿಯಿತು, ಕೋವಿಯ ಜಾಗಕ್ಕೆ ನೋಟ್‌ಬುಕ್ ಬಂತು.

ನಿನಗೂ ಆ ಹುರುಪು ಬೇಕು. ಚಳಿಯ ಬೆಳಗಿನಲ್ಲಿ ಹೊದಿಕೆ ಒದ್ದು ಕುಕ್ಕರಹಳ್ಳಿ ಕೆರೆಗೆ ಓಡಿಸುವುದು ಗೆಳತಿಗಿಂತ ಹಿಂದೆ ಬೀಳಬಾರದೆಂಬ ಹಟವೇ. ಪಿಕಳಾರ ಕಂಡೊಡನೆ ಕೆನ್ನೆಯಲ್ಲಿ ಕೆಂಪು ಮಚ್ಚೆ ಇದೆಯೋ ಇಲ್ಲವೋ ಎಂದು ಹುಡುಕುವ ಕಣ್ಣನ್ನೂ ಅದೇ ಕೊಡುತ್ತದೆ.

ಆದರೆ ಈ ಆಟಕ್ಕೆ ಅಂಪೈರ್ ಇಲ್ಲ. ಪೊದೆಯೊಳಗೆ ಸರಕ್ಕನೆ ಸರಿದದ್ದು ಕೆಂಬೂತವೋ ಕೋಗಿಲೆಯೋ ಎಂದು ತೀರ್ಪು ಕೊಡುವವಳು ನೀನೇ. ಅನುಮಾನವಿದ್ದರೆ ಬರೆಯಬೇಡ. ಸುಳ್ಳು ಸೇರಿಸಿ ದೊಡ್ಡದು ಮಾಡಿದ ಪಟ್ಟಿ ಯಾರನ್ನೂ ಸೋಲಿಸುವುದಿಲ್ಲ, ನಿನಗೆ ಮಾತ್ರ ಮೋಸ ಮಾಡುತ್ತದೆ. ಇನ್ನೂ ಕೆಟ್ಟದ್ದೊಂದಿದೆ. ಅಪರೂಪದ ಹಕ್ಕಿಯ ಫೋಟೊಗಾಗಿ ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವವರಿದ್ದಾರೆ, ಗೂಡಿನ ಹತ್ತಿರವೇ ಗುಂಪುಗಟ್ಟುವವರಿದ್ದಾರೆ. ಮರಿಗಳಿಗೆ ಗುಟುಕು ತರಬೇಕಾದ ತಾಯಿ ದೂರದ ಕೊಂಬೆಯ ಮೇಲೆ ಹೆದರಿ ಕೂತಿರುತ್ತದೆ. ಅಲ್ಲಿಗೆ ಪೈಪೋಟಿ ಮತ್ತೆ ಕೋವಿ ಹಿಡಿಯಿತೆಂದೇ ಲೆಕ್ಕ.

ಸಾಹಿತಿ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಸುತ್ತಲಿನ ಹಕ್ಕಿಗಳ ಫೋಟೊ ತೆಗೆದರು, ಅವುಗಳ ಬಗ್ಗೆ ಬರೆದರು. ಅವರ ಪಟ್ಟಿಯಲ್ಲಿ ಎಷ್ಟಿದ್ದವು ಎಂದು ಯಾರೂ ಕೇಳುವುದಿಲ್ಲ. ಅವರು ತೋರಿಸಿದ ಹಕ್ಕಿಗಳನ್ನು ಇವತ್ತಿಗೂ ಜನ ನೋಡುತ್ತಿದ್ದಾರೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಗಣತಿ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡದ್ದನ್ನೆಲ್ಲ ಎಣಿಸಬೇಕು. ಅಲ್ಲಿ ಕಾಗೆಗೂ ಗುಬ್ಬಿಗೂ ಲೆಕ್ಕವಿದೆ. ಈ ಸಲ ಗೆಳತಿಯನ್ನೂ ಕರೆದುಕೊಂಡು ಹೋಗು, ಇಬ್ಬರೂ ಸೇರಿ ಒಂದೇ ಪಟ್ಟಿ ಬರೆಯಿರಿ. ಏನೇನು ಕಂಡಿರೆಂದು ನನಗೊಂದು ಕಾಗದ ಹಾಕುವುದನ್ನು ಮರೆಯಬೇಡ.

ಇಂತಿ ನಿನ್ನ ಪ್ರೀತಿಯ
ಅಜ್ಜ