ಕಲ್ಲಿನ ಮೇಲೊಂದು ಹೆಸರು

ನಮ್ಮ ಊರು ಬೂವನಹಳ್ಳಿ. ಹಾಸನಕ್ಕೆ ಹತ್ತಿರ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ಬೇಲೂರಿನ ಗುಡಿ ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ. ಆದರೆ ನಾವೇ ನೋಡಿರಲಿಲ್ಲ. ಹೊಲ, ಹಸು, ಮನೆ, ಮಕ್ಕಳು. ಇದರಲ್ಲೇ ದಿನ ಕಳೆದಿತ್ತು.

ನಾವು ಮೂವರು ಗೆಳತಿಯರು. ಸಂಜೆ ಹೊತ್ತು ಒಟ್ಟಿಗೆ ಕೂತು ಅಕ್ಷರ ಕಲಿಯುತ್ತೇವೆ. ನಮ್ಮಲ್ಲಿ ಹಿರಿಯರನ್ನು ಅಕ್ಕ ಎಂದೇ ಕರೆಯುತ್ತೇವೆ.

ಹಿಂದೆ ಒಮ್ಮೆ ಅಕ್ಕ ಬೇಲೂರಿಗೆ ನೆಂಟರ ಮದುವೆಗೆ ಹೊರಟಿದ್ದರು. ಹಾಸನದ ಬಸ್ ನಿಲ್ದಾಣದಲ್ಲಿ ಯಾರೋ "ಲೂರು, ಲೂರು" ಎಂದು ಕೂಗುತ್ತಿದ್ದರು. ಅಕ್ಕ ಆ ಬಸ್ಸು ಹತ್ತಿದರು. ಇಳಿದು ನೋಡಿದರೆ ಅದು ಆಲೂರು! ಮತ್ತೆ ಹಾಸನಕ್ಕೆ ಬರುವಷ್ಟರಲ್ಲಿ ಮುಹೂರ್ತ ಮೀರಿತ್ತು. ಅಕ್ಕ ಅಳುತ್ತಾ ಮನೆಗೆ ಬಂದರು. ಆಮೇಲೆ ಒಬ್ಬರೇ ಎಲ್ಲಿಗೂ ಹೋಗಲಿಲ್ಲ.

ಬಸ್ಸಿನ ಬೋರ್ಡು

ಒಂದು ಭಾನುವಾರ ನಾವು ಮೂವರೂ ಹೊರಟೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡೆವು. ಹಾಸನದಲ್ಲಿ ಸಾಲಾಗಿ ಬಸ್ಸುಗಳು ನಿಂತಿದ್ದವು. ಯಾರನ್ನಾದರೂ ಕೇಳೋಣ ಎಂದೆವು.

"ಸುಮ್ನಿರ್ರೇ, ನಾನೇ ಓದ್ತೀನಿ" ಅಂದರು ಅಕ್ಕ.

ಒಂದು ಬೋರ್ಡಿನಲ್ಲಿ ಮೊದಲ ಅಕ್ಷರ "ಆ". "ಇದು ಆಲೂರು, ಬ್ಯಾಡ" ಎಂದು ಮುಂದೆ ನಡೆದರು. ಇನ್ನೊಂದು ಬೋರ್ಡಿನ ಮುಂದೆ ನಿಂತರು. "ಬೇ... ಲೂ... ರು" ಎಂದು ಓದಿದರು. ಅವರ ಮುಖ ಅರಳಿತು.

ನಾವು ಆಧಾರ್ ಕಾರ್ಡು ತೋರಿಸಿದೆವು. ಕಂಡಕ್ಟರು ಹಣವಿಲ್ಲದ ಟಿಕೆಟ್ ಕೊಟ್ಟರು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇದಕ್ಕೆ ಶಕ್ತಿ ಯೋಜನೆ ಎಂದು ಹೆಸರು.

ಬೇಲೂರಿನ ಗುಡಿ

ಬೇಲೂರು ಯಗಚಿ ನದಿಯ ದಡದ ಊರು. ಅಲ್ಲಿ ಚೆನ್ನಕೇಶವನ ಗುಡಿ ಇದೆ. ಹೊಯ್ಸಳರ ದೊರೆ ವಿಷ್ಣುವರ್ಧನ ಇದನ್ನು ಕಟ್ಟಿಸಿದ. 1117ರಲ್ಲಿ ದೇವರ ಪ್ರತಿಷ್ಠೆ ಆಯಿತು. ಅಂದರೆ 900 ವರ್ಷ ದಾಟಿದೆ.

ಗೋಡೆಯ ಕೆಳಗೆ ಸಾಲು ಸಾಲು ಆನೆಗಳು. ಮೇಲೆ ಸೂರಿನ ಅಡಿಯಲ್ಲಿ ಕಲ್ಲಿನ ಹೆಣ್ಣುಗಳು. ಇವರಿಗೆ ಮದನಿಕೆಯರು ಎನ್ನುತ್ತಾರೆ. ಹೊರಗೆ 38, ಒಳಗೆ 4. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ. ಕೈಬಳೆ, ಸರ, ಜಡೆ ಎಲ್ಲ ಕಲ್ಲಿನಲ್ಲೇ!

"ಇಷ್ಟು ನವಿರಾಗಿ ಹೆಂಗೆ ಕೆತ್ತಿದರು?" ಎಂದು ಕೇಳಿದೆವು.

"ಇದು ಬಳಪದ ಕಲ್ಲು ಕಣಮ್ಮ. ಮೆತ್ತನೆ ಕಲ್ಲು" ಎಂದರು ಗುಡಿ ತೋರಿಸುವವರು.

ನಾವು ನಕ್ಕೆವು. ನಾವು ಅಕ್ಷರ ತಿದ್ದಿದ್ದೂ ಬಳಪದಲ್ಲೇ ಅಲ್ಲವೇ?

ಅವರು ಒಂದು ಬೊಂಬೆಯ ಕೆಳಗೆ ಕೈ ತೋರಿಸಿದರು. ಅಲ್ಲಿ ಸಣ್ಣ ಅಕ್ಷರಗಳಿದ್ದವು. ಹಳೆಗಾಲದ ಕನ್ನಡ ಅಕ್ಷರ. ನಮಗೆ ಓದಲು ಬರಲಿಲ್ಲ. ಅದು ಕೆತ್ತಿದವನ ಹೆಸರಂತೆ. ಇಲ್ಲಿ ಕೆತ್ತಿದವರಲ್ಲಿ ದಾಸೋಜ ಒಬ್ಬ. ಅವನ ಮಗ ಚಾವಣ ಇನ್ನೊಬ್ಬ. ಇವರ ಊರು ಬಳ್ಳಿಗಾವೆ. ಅದು ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿದೆ.

ಅಕ್ಕ ಕೇಳಿದರು: "ಕೆತ್ತಿದೋರ ಹೆಸರು ಐತೆ. ಕಲ್ಲು ಹೊತ್ತೋರ ಹೆಸರು? ಅವರಿಗೆ ಗಂಜಿ ಕಾಯಿಸಿದ ಹೆಂಗಸರ ಹೆಸರು?"

"ಅದನ್ನ ಯಾರೂ ಬರೆದಿಲ್ಲ ತಾಯಿ."

ಅಕ್ಕ ಸುಮ್ಮನಾದರು. ನಾವೂ ಸುಮ್ಮನಾದೆವು.

ಅದೇ ಅಂಗಳದಲ್ಲಿ ಇನ್ನೊಂದು ಗುಡಿ ಇದೆ. ಅದು ಕಪ್ಪೆ ಚೆನ್ನಿಗರಾಯನ ಗುಡಿ. ಅದನ್ನು ಕಟ್ಟಿಸಿದ್ದು ಹೆಂಗಸು. ವಿಷ್ಣುವರ್ಧನನ ರಾಣಿ ಶಾಂತಲೆ. ಕಲ್ಲಿನಲ್ಲಿ ಬರೆದ ಬರಹಕ್ಕೆ ಶಾಸನ ಎನ್ನುತ್ತಾರೆ. ಶಾಸನಗಳಲ್ಲಿ ಅವಳ ಹೆಸರಿದೆ. ಅದಕ್ಕೇ ಇಂದಿಗೂ ನಾವು ಅವಳನ್ನು ಬಲ್ಲೆವು.

ಹಳೇಬೀಡು

ರೊಟ್ಟಿ ತಿಂದು ಹಳೇಬೀಡಿನ ಬಸ್ಸು ಹತ್ತಿದೆವು. ಈ ಸಲವೂ ಬೋರ್ಡು ಓದಿದ್ದು ಅಕ್ಕನೇ. ಹಳೇಬೀಡು ಹೊಯ್ಸಳರ ರಾಜಧಾನಿ. ಆಗ ಅದರ ಹೆಸರು ದೋರಸಮುದ್ರ. ಅಲ್ಲಿನ ದೊಡ್ಡ ಗುಡಿಯಲ್ಲಿ ಎರಡು ಲಿಂಗ. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಇಲ್ಲೂ ಶಾಂತಲೆಯ ಹೆಸರು! ಎದುರಿಗೆ ದೊಡ್ಡ ಬಸವಣ್ಣ.

2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ಲೋಕವೇ ಕಾಪಾಡಬೇಕಾದ ಜಾಗಗಳ ಪಟ್ಟಿ ಇದು. ಆದ್ದರಿಂದ ನಾವು ಗೋಡೆಯ ಮೇಲೆ ಗೀಚಬಾರದು. ನಮ್ಮ ಹೆಸರು ಬರೆಯಲು ಬೇರೆ ಜಾಗ ಇದೆ.

ಪೆನ್ನು ಕೊಡಿ

ಕತ್ತಲಾಗುವ ಹೊತ್ತಿಗೆ ಊರು ಸೇರಿದೆವು. ಮಾರನೆಯ ದಿನ ನಮ್ಮ ಮಹಿಳಾ ಸಂಘದ ಸಭೆ. ಲೆಕ್ಕದ ಪುಸ್ತಕ ಸುತ್ತು ಬಂತು. ಅಕ್ಕನ ಮುಂದೆ ಎಂದಿನಂತೆ ಶಾಯಿ ಡಬ್ಬಿ ಇಟ್ಟರು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದರು.

"ಹೆಬ್ಬೆಟ್ಟು ಬ್ಯಾಡ. ಪೆನ್ನು ಕೊಡಿ" ಅಂದರು.

ಕೈ ನಡುಗಿತು. ಅಕ್ಷರ ಸೊಟ್ಟಗಾಯಿತು. ಆದರೆ ಹೆಸರು ಪೂರ್ತಿ ಇತ್ತು.

ಉತ್ತರ ಹೇಳಿರಿ

1. ಅಕ್ಕ ಮೊದಲ ಸಲ ಬೇಲೂರು ತಲುಪಲಿಲ್ಲ ಏಕೆ?
2. ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವರು ಯಾರು?
3. ನಿಮ್ಮ ಊರಿಂದ ಹೋಗುವ ಮೂರು ಬಸ್ಸುಗಳ ಬೋರ್ಡು ಓದಿ, ಬರೆಯಿರಿ.
4. ನಿಮ್ಮ ಹೆಸರು ಬರೆಯಿರಿ. ನಿಮ್ಮ ತಾಯಿಯ ಹೆಸರನ್ನೂ ಬರೆಯಿರಿ.