ಮನೆಯೇ ಮೊದಲ ವಾಚನಶಾಲೆ

ಕಾಸರಗೋಡಿನಲ್ಲಿ ಮನೆಮಾತೂ ಓದಿನ ಭಾಷೆಯೂ ಅನೇಕರಿಗೆ ಬೇರೆ ಬೇರೆ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ತುಳು. ಇಬ್ಬರೂ ಕನ್ನಡದ ಹಿರಿಯ ಕವಿಗಳಾದರು. ಓದಿನ ಒಲವು ಮನೆಮಾತಿನೊಡನೆ ತಾನಾಗಿ ಬರುವುದಲ್ಲ, ಬೆಳೆಸಿದರೆ ಬೆಳೆಯುವುದು ಎಂಬುದಕ್ಕೆ ಇದು ನಿದರ್ಶನ.

ಈ ನಾಡಿನಲ್ಲಿ ಅದನ್ನು ಬೆಳೆಸಿದ ಸಾಧನಗಳು ಮುಖ್ಯವಾಗಿ ಎರಡು. ಮೊದಲನೆಯದು ಕಾವ್ಯವಾಚನ. ಮನೆಯ ಚಾವಡಿಯಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆಯೂ ವಾರ್ಧಕದ ಐದು ಮಾತ್ರೆಗಳ ನಡೆಯೂ ಮಗುವಿನ ಕಿವಿಯಲ್ಲಿ ನೆಲೆಗೊಳ್ಳುತ್ತಿದ್ದವು. ಅಂಥವರಿಗೆ ಮುಂದೆ ಷಟ್ಪದಿಯ ಪ್ರಸ್ತಾರ ಹೊಸ ಪಾಠವೆನಿಸದು. ಕೇಳಿದ್ದನ್ನೇ ಎಣಿಸಿ ನೋಡುವ ಕೆಲಸವಷ್ಟೆ.

ಎರಡನೆಯದು ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಬಂಡವಾಳ. ಕುಂಬಳೆಯ ಪಾರ್ತಿಸುಬ್ಬನ ಪದ್ಯಕ್ಕೆ ಅರ್ಥ ಹೇಳುವವನು ಮೂಲಕಥೆಯನ್ನು ಓದಿರಲೇಬೇಕು. ರಾಮನನ್ನು ವಾಲಿ ಪ್ರಶ್ನಿಸುವ ವಾದವನ್ನು ಕೇಳಿದ ಮಗು, ಯಾರ ಮಾತು ಸರಿಯೆಂದು ತಿಳಿಯಲು ಪುಸ್ತಕವನ್ನು ಅರಸುತ್ತದೆ. ಬುದ್ಧಿವಾದಕ್ಕಿಂತ ಇಂಥ ಕುತೂಹಲವೇ ಓದುಗನನ್ನು ರೂಪಿಸುತ್ತದೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಇಂದು ಅನ್ಯಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಕನ್ನಡದ ಪುಟ ಎದುರಾಗುವ ಸ್ಥಳ ಹಲವೊಮ್ಮೆ ಮನೆಯೊಂದೇ. ಅಲ್ಲಿಯೂ ವಾಚನ ನಿಂತರೆ ಒಂದೇ ತಲೆಮಾರಿನಲ್ಲಿ ಲಿಪಿಯೇ ಅಪರಿಚಿತವಾದೀತು. ಐಚ್ಛಿಕ ಕನ್ನಡದ ವಿದ್ಯಾರ್ಥಿಯು ದಿನಕ್ಕೊಂದು ಷಟ್ಪದಿಯನ್ನು ಮನೆಯ ಕಿರಿಯರಿಗೆ ಕೇಳುವಂತೆ ಓದಿದರೆ, ಪರೀಕ್ಷೆಯ ಸಿದ್ಧತೆಯ ಜೊತೆಗೆ ಈ ಪರಂಪರೆಯೂ ಮುಂದುವರಿಯುತ್ತದೆ.